ಮೊದಲ ಮೂರು ಸೆಕೆಂಡು

"ತಡಿಯವಾ, ಸೆರಗ ಬಿದ್ದೈತಿ," ಎಂದು ರಾಚವ್ವ ಹಿಟ್ಟು ಮೆತ್ತಿದ ಕೈಯನ್ನೇ ತಲೆಯತ್ತ ಒಯ್ದಳು.

"ಇರ್ಲಿ ಅಜ್ಜಿ, ನೀ ಬಡೀತಾ ಇರು. ಅದು ನಾ ಕಟ್ ಮಾಡ್ತೇನಿ. ಟೆನ್ಶನ್ ಮತ್ ಲೋ," ಎಂದಳು ನೇತ್ರಾ, ವಿಡಿಯೋ ತೆಗೆಯುತ್ತಿದ್ದ ಫೋನನ್ನು ಒಂದಿಷ್ಟೂ ಇಳಿಸದೆ.

ಮಾರ್ಚ್ ತಿಂಗಳ ಮಧ್ಯಾಹ್ನ. ಮುಂಬಯಿಯ ಆಂಟಾಪ್ ಹಿಲ್‌ನ ಆ ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಅಡುಗೆಮನೆಯ ಕಿಟಕಿ ಮುಚ್ಚಿತ್ತು, ಗ್ಯಾಲರಿಯ ಬಾಗಿಲು ಮುಚ್ಚಿತ್ತು, ಗ್ಯಾಸಿನ ಉರಿ ಓಲಾಡುತ್ತದೆಂದು ಫ್ಯಾನೂ ಬಂದ್ ಆಗಿತ್ತು. ಮೊದಲು ಹೀಗಿರಲಿಲ್ಲ. ರಾಚವ್ವ ಬಾಗಿಲು ತೆರೆದಿಟ್ಟುಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದಳು, ಖಡಕ ರೊಟ್ಟಿಗಳನ್ನು ಗ್ಯಾಲರಿಯಲ್ಲಿ ಹಳೆಯ ಧೋತರದ ಮೇಲೆ ಹರವಿ ಒಣಗಿಸುತ್ತಿದ್ದಳು. ವಿಜಯಪುರದ ಕಡೆಯಿಂದ ಬಂದು ಅಲ್ಲಲ್ಲಿ ರೂಮು ಮಾಡಿಕೊಂಡಿದ್ದ ಗಂಡಸರೆಲ್ಲ ಅವಳ ಗಿರಾಕಿಗಳು. ಕಂಪೌಂಡ್ ಗೋಡೆಯ ಆಚೆ ಕಾಂಕ್ರೀಟ್ ಕಲಸುವ ಪ್ಲಾಂಟ್ ಬಂದು ಕೂತದ್ದೇ ಕೂತದ್ದು, ಹಗಲೆಲ್ಲ ಸಿಮೆಂಟಿನ ಧೂಳು. "ಅಜ್ಜೀ, ರೊಟ್ಟ್ಯಾಗ ಉಸುಕ ಬರಾಕತ್ತೈತಿ" ಎಂದು ಗಿರಾಕಿಗಳು ಗೊಣಗತೊಡಗಿದ ಮೇಲೆ ಮುದುಕಿ ಎಲ್ಲ ಮುಚ್ಚಿಕೊಂಡು ಒಳಗೇ ಬೇಯಿಸಿ, ಒಳಗೇ ಒಣಗಿಸಿ, ರೊಟ್ಟಿಯ ಜೊತೆ ತಾನೂ ಬೇಯತೊಡಗಿದ್ದಳು.

ಆ ಬೇಗೆಯಲ್ಲೂ ತಲೆಯ ಮೇಲಿನ ಸೆರಗು ಮಾತ್ರ ಅವಳಿಗೆ ಬೇಕು. ಮದುವೆಯಾಗಿ ಮುಂಬಯಿಗೆ ಬಂದಂದಿನಿಂದ ಹೊರಗಿನವರ ಮುಂದೆ, ಹಿರಿಯರ ಮುಂದೆ ಅವಳ ತಲೆ ಬರಿದಾಗಿದ್ದನ್ನು ಯಾರೂ ಕಂಡಿಲ್ಲ. ಅದರಲ್ಲೂ ಗಂಡನ ಅಣ್ಣ ಮುರಿಗೆಪ್ಪ ಬೈಕುಲ್ಲಾದಿಂದ ಪ್ರತಿ ಸೋಮವಾರ ರೊಟ್ಟಿಗೆ ಬಂದು ಕೂತನೆಂದರೆ ಸರಿ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬಡಿಯುತ್ತಾಳೆ. ಎರಡೂ ಕೈ ಹಿಟ್ಟಿನಲ್ಲಿರುವಾಗ ಸೆರಗು ಜಾರದಂತೆ ಹಿಡಿಯಲು ಇನ್ನೇನಿದೆ? ಬಾಯಲ್ಲಿ ಸೆರಗಿದ್ದರೆ ಮಾತಿಲ್ಲ. ಮುರಿಗೆಪ್ಪನೂ ಮಾತಿನವನಲ್ಲ. ತಮ್ಮನ ಹೆಂಡತಿ ಅವನ ಮುಂದೆ ಹೀಗೆ ಮೂಕಳಾಗಿ ರೊಟ್ಟಿ ಬಡಿಯುವುದನ್ನು ನೇತ್ರಾ ಹುಟ್ಟಿದಾಗಿನಿಂದ ನೋಡಿದ್ದಾಳೆ, ಎಷ್ಟೋ ಸಲ ನಕ್ಕಿದ್ದಾಳೆ.

ಮೊಮ್ಮಗಳೊಬ್ಬಳೇ ಇದ್ದಾಗ ಈ ಕಟ್ಟುಪಾಡಿಲ್ಲ. ಮಗ ಗುರುಬಸವ, ಸೊಸೆ ಸೌಮ್ಯಾ ಇಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋದ ಮೇಲೆ ಮನೆ ಅಜ್ಜಿ ಮೊಮ್ಮಗಳದ್ದು. ಇವತ್ತೂ ಹಾಗೆಯೇ. ಮೂರು ರೊಟ್ಟಿ ಆಗುವಷ್ಟರಲ್ಲಿ ರಾಚವ್ವನಿಗೆ ಸಾಕಾಗಿಹೋಯಿತು. ಸೆರಗನ್ನು ಪೂರಾ ಕಿತ್ತೆಳೆದು, ಕುಪ್ಪಸದ ಮೇಲಿನ ಹುಕ್ಕು ಬಿಚ್ಚಿ, ಅದೇ ಸೆರಗಿನಿಂದ ಕತ್ತು ಎದೆ ಒರೆಸಿಕೊಳ್ಳುತ್ತ ಮುಚ್ಚಿದ ಕಿಟಕಿಯತ್ತ ತಿರುಗಿ, "ಇವ್ರ ಮನಿ ಹಾಳಾಗ್ಲಿ, ಗಾಳಿನೂ ಕಸ್ಗೊಂಡ್ರಲ್ಲೋ!" ಎಂದು ಒದರಿದಳು. ತೆಳ್ಳಗಿನ ಬಿಳಿ ಕೂದಲು ಬೆವರಿಗೆ ತಲೆಗಂಟಿ ನಡುವೆ ನೆತ್ತಿ ಕಾಣುತ್ತಿತ್ತು. ಆಮೇಲೆ ಫೋನಿನ ನೆನಪಾಗಿ ಗಾಬರಿಯಾದಳು.

"ಇದ್ನ ಯಾರಿಗೂ ತೋರ್ಸಬ್ಯಾಡ ನೋಡು ಮತ್ತ."

"ತೋರಿಸೂದಿಲ್ಲ. ಪ್ರಾಮಿಸ್. ಇದೆಲ್ಲ ಕತ್ತರಿಸ್ತೇನಿ. ಬರೇ ರೊಟ್ಟಿ, ಧೂಳು, ಕಿಟಕಿ, ಅಷ್ಟೇ."

"ನಿನ್ನ ಮುಂದ ನನಗೇನ್ ಸೆರಗು! ನೀ ಏನ್ ಹೊರಗಿನಾಕ್ಯಾ?" ಎಂದು ರಾಚವ್ವ ನಗುತ್ತ ಬಿಸಿ ರೊಟ್ಟಿಯೊಂದನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ ಅವಳ ಬಾಯಿಗೇ ಇಟ್ಟಳು.

ನೇತ್ರಾ ಕಾಲೇಜಿನ ಎರಡನೇ ವರ್ಷದವಳು. ಲಾಸ್ಟ್ ಬ್ರೀಜ್ ಎಂಬ ಹೆಸರಿನ ಒಂದು ಗುಂಪು, ಇನ್‌ಸ್ಟಾಗ್ರಾಮಿನಲ್ಲಿ ಅದಕ್ಕೊಂದು ಪೇಜು, ಅದನ್ನು ನಡೆಸುವವರಲ್ಲಿ ಇವಳೂ ಒಬ್ಬಳು. ಸಮುದ್ರ ಏರುತ್ತಿದೆ, ನಗರ ಕಾದು ಬೇಯುತ್ತಿದೆ, ಮರ ಕಡಿಯಬೇಡಿ ಎಂದೆಲ್ಲ ರಟ್ಟಿನ ಮೇಲೆ ಬರೆದು ಸ್ಟೇಷನ್ನಿನ ಹೊರಗೆ ನಿಂತವರು ಇವರು. ಲೋಕಲ್ ಹಿಡಿಯುವ ಅವಸರದಲ್ಲಿದ್ದ ಜನ ಇವರನ್ನು ತಳ್ಳಿಕೊಂಡೇ ಹೋಗುತ್ತಿದ್ದರು. ಪ್ಲಾಂಟಿನ ವಿರುದ್ಧ ವಾರ್ಡ್ ಆಫೀಸಿಗೆ ಎರಡು ಸಲ ಅರ್ಜಿ ಕೊಟ್ಟಾಯಿತು. ಅಲ್ಲಿನ ಸಾಹೇಬರು ಅರ್ಜಿಯ ಮೇಲೆ ಚಹಾದ ಗ್ಲಾಸು ಇಟ್ಟಿದ್ದನ್ನು ನೇತ್ರಾ ಕಣ್ಣಾರೆ ಕಂಡಿದ್ದಳು. ಪೇಜಿನಲ್ಲಿ ಹಾಕಿದ ವಿಡಿಯೋ ನೋಡಿದವರೂ ಇನ್ನೂರು ದಾಟಲಿಲ್ಲ.

ಗುಂಪಿನ ಯಜಮಾನಿಕೆ ನಮಿತಾಳದ್ದು. ಪವಾಯಿಯಲ್ಲಿ ಕೆರೆ ಕಾಣುವ ಫ್ಲ್ಯಾಟು, ಉಡುಪಿ ಕಡೆಯ ಮನೆತನ, ತಂದೆಯದು ಮೂರು ಹೋಟೆಲು. ಮೊದಲ ದಿನವೇ ನೇತ್ರಾಳ ಹೆಗಲ ಮೇಲೆ ಕೈ ಹಾಕಿ, "ನೀನು ಸಹ ಕನ್ನಡವಾ? ಅಯ್ಯೋ ಮಾರಾಯ್ತಿ, ಮೊದಲೇ ಹೇಳುವುದಲ್ವಾ!" ಎಂದವಳು. ಹಿಂದಿ ಇಂಗ್ಲಿಷಿನ ಆ ಗದ್ದಲದಲ್ಲಿ ಮನೆಯ ಮಾತಾಡುವ ಇನ್ನೊಂದು ಬಾಯಿ ಸಿಕ್ಕಿತೆಂದು ನೇತ್ರಾ ಹಿಗ್ಗಿದ್ದಳು. ಯಾರ ಹತ್ತಿರವೂ ಹೇಳದ್ದನ್ನು ಅವಳ ಹತ್ತಿರ ಹೇಳುತ್ತಿದ್ದಳು. ಮೂರನೇ ಮಾಳಿಗೆಯ ಆ ಅಡುಗೆಮನೆಯ ಕಥೆಯನ್ನೂ ಹೇಳಿದ್ದಳು. "ಅದೇ ಮಾಡುವ. ನಿನ್ನ ಅಜ್ಜಿಯನ್ನೇ ಮಾಡುವ," ಎಂದು ಹಟ ಹಿಡಿದದ್ದೂ ನಮಿತಾಳೇ.

ಅವರಲ್ಲೊಂದು ಪದ್ಧತಿಯಿತ್ತು. ತೆಗೆದ ವಿಡಿಯೋವನ್ನು ಯಾರೂ ತಾವೇ ಕತ್ತರಿಸುವಂತಿಲ್ಲ. ಇದ್ದದ್ದು ಇದ್ದ ಹಾಗೆ ಗುಂಪಿನ ಫೋಲ್ಡರಿಗೆ ಹಾಕಬೇಕು, ಯಾವುದು ಬೇಕು ಯಾವುದು ಬೇಡ ಎಂದು ನಮಿತಾ ಆರಿಸುತ್ತಾಳೆ. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವನ ಬೆರಳು ನಿಲ್ಲಬೇಕು, ನಿಲ್ಲದಿದ್ದರೆ ಮುಂದಿನದೆಲ್ಲ ದಂಡ ಎಂಬುದು ಅವಳ ಪಾಠ. ಅದರಂತೆ ನೇತ್ರಾ ಎಲ್ಲವನ್ನೂ ಹಾಕಿದಳು. ಹಾಕಿ, ಒಂದು ವಾಯ್ಸ್ ನೋಟ್ ಕೂಡ ಕಳಿಸಿದಳು: "ಅಜ್ಜಿ ಸೆರಗು ತೆಗೆದಿರೋ ಭಾಗ ಪ್ಲೀಸ್ ಹಾಕಬೇಡ, ಅವ್ರಿಗೆ ಅದು ಭಾಳ ದೊಡ್ಡ ಮಾತು." ನಮಿತಾ ಅದಕ್ಕೊಂದು ಕೆಂಪು ಹೃದಯ ಒತ್ತಿದ್ದಳು. ಹೃದಯ ಬಂದಮೇಲೆ ಮತ್ತೇನು ಕೇಳುವುದು ಎಂದು ನೇತ್ರಾ ನಿಶ್ಚಿಂತೆಯಿಂದ ಇದ್ದುಬಿಟ್ಟಳು.

ಶನಿವಾರ ಕಾಲೇಜಿನಿಂದ ಬರುವಾಗ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಬಳಿ ನಿಂತಿದ್ದಳು. ಪಕ್ಕದ ಹುಡುಗಿಯ ಫೋನಿನಿಂದ ಒಂದು ದನಿ ಬಂತು. "ಇವ್ರ ಮನಿ ಹಾಳಾಗ್ಲಿ, ಗಾಳಿನೂ ಕಸ್ಗೊಂಡ್ರಲ್ಲೋ!" ನೇತ್ರಾ ಬಗ್ಗಿ ನೋಡಿದಳು. ಬಿಳಿ ಕೂದಲು, ಬೆವರಿದ ನೆತ್ತಿ, ಬಿಚ್ಚಿದ ಹುಕ್ಕು, ಎದೆ ಒರೆಸುವ ಕೈ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷ್ ಸಾಲು, ಕೆಳಗೆ ನಮಿತಾ ಮಾಡಿದ ಅನುವಾದ. ಆಮೇಲೆ ಬಂದವು ರೊಟ್ಟಿ, ಧೂಳು, ಕಿಟಕಿ. ಆ ಹುಡುಗಿ, ನೇತ್ರಾ ಯಾರೆಂದು ಗೊತ್ತಿಲ್ಲದೆಯೇ, "ದೇಖೋ ನಾ, ಕಿತ್ನೀ ಕ್ಯೂಟ್ ದಾದೀ ಹೈ," ಎಂದು ಫೋನನ್ನು ಇವಳ ಕಡೆಗೆ ಇನ್ನಷ್ಟು ತಿರುಗಿಸಿದಳು.

ನೇತ್ರಾ ಮುಂದಿನ ಸ್ಟೇಷನ್ನಿನಲ್ಲೇ ಇಳಿದು ನಮಿತಾಳಿಗೆ ಫೋನ್ ಮಾಡಿದಳು.

"ನಾನು ಹೇಳಿದ್ದೆನಲ್ಲ! ಆ ಭಾಗ ಬ್ಯಾಡ ಅಂದಿದ್ದೆ!"

"ಕೇಳಿದ್ದೇನೆ ಮಾರಾಯ್ತಿ. ಆದರೆ ಅದು ಬಿಟ್ಟರೆ ಅದರಲ್ಲಿ ಎಂತ ಉಂಟು ಹೇಳು? ಒಂದು ಮುದುಕಿ ರೊಟ್ಟಿ ತಟ್ಟುವುದು. ಯಾರು ನೋಡ್ತಾರೆ? ಇದು ನಿಜ ಅಲ್ವಾ? ಜನ ಅಳ್ತಾ ಇದ್ದಾರೆ, ಕಮೆಂಟ್ಸ್ ನೋಡು ಒಮ್ಮೆ."

"ಡಿಲೀಟ್ ಮಾಡು."

"ಪಾಸ್‌ವರ್ಡ್ ನಿನ್ನ ಹತ್ತಿರವೂ ಉಂಟಲ್ಲ," ಎಂದಳು ನಮಿತಾ, ಸಿಟ್ಟಿಲ್ಲದೆ. "ಬೇಡ ಅಂದ್ರೆ ನೀನೇ ತೆಗಿ. ನಾನು ಎಂತದ್ದೂ ಹೇಳುವುದಿಲ್ಲ."

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನೇತ್ರಾ ಪೇಜು ತೆರೆದಳು. ತೆಗೆಯಲು ಎರಡು ಸಲ ಬೆರಳೊತ್ತಿದರೆ ಆಯಿತು. ಆದರೆ ಅಂಕಿ ಆಗಲೇ ನಲವತ್ತು ಸಾವಿರ ದಾಟಿ, ನೋಡನೋಡುತ್ತಿದ್ದಂತೆ ಏರುತ್ತಿತ್ತು. ಎಲ್ಲೆಲ್ಲಿಯವರೋ ವಾರ್ಡ್ ಆಫೀಸಿನ ಹೆಸರು ಹಿಡಿದು ಕರೆಯುತ್ತಿದ್ದರು, ಪ್ಲಾಂಟಿನ ವಿಳಾಸ ಕೇಳುತ್ತಿದ್ದರು. ರಟ್ಟು ಹಿಡಿದು ಬಿಸಿಲಲ್ಲಿ ನಿಂತಾಗ ಒಬ್ಬನೂ ತಿರುಗಿ ನೋಡದಿದ್ದ ಊರು ಈಗ ಅವಳ ಅಂಗೈಯಲ್ಲಿ ಗಲಗಲ ಎನ್ನುತ್ತಿತ್ತು. ಇವತ್ತೊಂದು ದಿನ ಇರಲಿ, ನಾಳೆ ತೆಗೆದರಾಯಿತು ಎಂದುಕೊಂಡಳು. ಅಜ್ಜಿಯ ಹತ್ತಿರ ಇರುವುದು ಬಟನ್ನಿನ ಫೋನು, ಅವಳಿಗೆ ಹೇಗೆ ಗೊತ್ತಾಗುತ್ತದೆ ಎಂದೂ ಅಂದುಕೊಂಡಳು. ಈ ಎರಡನೆಯ ಯೋಚನೆ ಬಂದಾಗ ನಾಚಿಕೆಯಾಯಿತು, ಆದರೂ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಭಾನುವಾರ. ಭಾನುವಾರವಾದರೂ ವಾರ್ಡ್ ಆಫೀಸಿನ ಜೀಪು ಬಂತು! ಪ್ಲಾಂಟಿನ ಸುತ್ತ ಹಸಿರು ಬಟ್ಟೆ ಏರಿತು, ನೀರಿನ ಟ್ಯಾಂಕರ್ ಬಂದು ರಸ್ತೆಗೆ ನೀರು ಹೊಡೆಯಿತು, ಬಿಲ್ಡಿಂಗಿನ ಜನ ಗ್ಯಾಲರಿಗಳಲ್ಲಿ ನಿಂತು ಜಾತ್ರೆ ನೋಡಿದಂತೆ ನೋಡಿದರು. ರಾಚವ್ವನೂ ಕಿಟಕಿಯನ್ನು ನಾಲ್ಕು ಬೆರಳು ತೆರೆದು, ತಲೆಯ ಮೇಲೆ ಸೆರಗೆಳೆದು ಇಣುಕಿದಳು. "ಯಾವ ಪುಣ್ಯಾತ್ಮರು ಹೇಳ್ಯಾರೋ ಏನೋ," ಎಂದಳು. ಅಂದು ಸಂಜೆಯೂ ನೇತ್ರಾ ಆ ವಿಡಿಯೋವನ್ನು ತೆಗೆಯಲಿಲ್ಲ. ಅಂಕಿ ಲಕ್ಷಗಳಲ್ಲಿತ್ತು, ಪ್ಲಾಂಟು ಬಾಯಿ ಮುಚ್ಚಿಕೊಂಡಿತ್ತು. ಇಷ್ಟೆಲ್ಲ ಆದದ್ದು ಅಜ್ಜಿಗಾಗಿಯೇ ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ಸೋಮವಾರ ರಾಚವ್ವ ಮುರಿಗೆಪ್ಪನ ರೊಟ್ಟಿ ಕಟ್ಟಿಟ್ಟು ಸೆರಗು ಸರಿಪಡಿಸಿಕೊಂಡು ಕಾದಳು. ಹೊತ್ತು ಮೀರಿತು, ಮುರಿಗೆಪ್ಪ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಂದವಳು ಪಕ್ಕದ ಮನೆಯ ಕಸ್ತೂರಿಬಾಯಿ. ಬಾಗಿಲಲ್ಲೇ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದಳು:

"ನಿಮ್ಮ ಭಾವನವರು ಕೆಳಗ ಜಿನೆದ ಮೆಟ್ಟಿಲ ಹತ್ರ ನಿಂತಾರ ಬಾಯಿ. ರೊಟ್ಟಿ ಗಂಟು ಕೊಟ್ಟ ಕಳ್ಸಂತ."

"ಮ್ಯಾಲ ಯಾಕ ಬರವಲ್ರು? ಕಾಲು ನೋವೇನು?"

"ಕಾಲು ನೋವಲ್ಲ ಬಾಯಿ." ಕಸ್ತೂರಿಬಾಯಿ ನೇತ್ರಾಳನ್ನೊಮ್ಮೆ ನೋಡಿದಳು. "ನಮ್ಮ ಬಳಗದ ವಾಟ್ಸಪ್ ಗ್ರೂಪಿನ್ಯಾಗ ಬಂದೈತಿ. ಎಲ್ಲಾರೂ ನೋಡ್ಯಾರ. ಅವ್ರೂ ನೋಡ್ಯಾರ. ನೋಡಿದ್ ಮ್ಯಾಲ ಹ್ಯಾಂಗ ಎದುರು ಬಂದು ಕುಂದ್ರೂದು ಅಂತಾರ. ಹಿರೀ ಮನಷ್ಯಾ, ಕಣ್ಣಾಗ ನೀರ ತಂದ್ರು."

ಅವಳು ಗಂಟು ಒಯ್ದಳು. ನೇತ್ರಾ ಗ್ಯಾಲರಿಗೆ ಓಡಿ ಕೆಳಗೆ ನೋಡಿದಳು. ಬಿಳಿ ಟೊಪ್ಪಿಗೆಯ ಮುರಿಗೆಪ್ಪ ರೊಟ್ಟಿಯ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಒಂದು ಸಲವೂ ಮೇಲೆ ನೋಡದೆ ಗೇಟಿನ ಕಡೆ ನಡೆದ. ಬೈದಿದ್ದರೆ, ಮೇಲೆ ಬಂದು ಗದ್ದಲ ಮಾಡಿದ್ದರೆ ನೇತ್ರಾ ಜಗಳಾಡುತ್ತಿದ್ದಳು. ಹೆಂಗಸರ ತಲೆಯ ಮೇಲೆ ಬಟ್ಟೆ ಯಾಕಿರಬೇಕು ಎಂದು ಕೇಳುವುದಕ್ಕೆ ಅವಳ ಹತ್ತಿರ ಬೇಕಾದಷ್ಟು ಮಾತಿದ್ದವು. ತಲೆ ತಗ್ಗಿಸಿ ಹೋಗುವ ಮುದುಕನ ಎದುರು ಒಂದೂ ಕೆಲಸಕ್ಕೆ ಬರಲಿಲ್ಲ.

ಒಳಗೆ ರಾಚವ್ವ ಒಲೆ ಆರಿಸಿದ್ದಳು.

"ಏನ್ ಬಂದೈತಿ ತೋರ್ಸು."

"ಅಜ್ಜೀ, ನಾನು ಅಲ್ಲ ಹಾಕಿದ್ದು... ನಮಿತಾ... ನಾ ಬೋಲಾ ಥಾ ಅವ್ಳಿಗೆ..."

"ತೋರ್ಸವಾ."

ನೇತ್ರಾ ತೋರಿಸಿದಳು. ರಾಚವ್ವ ಕನ್ನಡಕ ಹಾಕಿಕೊಂಡು ಫೋನನ್ನು ತುಸು ದೂರ ಹಿಡಿದು ನೋಡಿದಳು. ತನ್ನ ನೆತ್ತಿ, ತನ್ನ ಎದೆ, ತನ್ನ ಬಯ್ಗುಳ, ತನ್ನ ರೊಟ್ಟಿ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅದು ತಾನಾಗಿ ಮತ್ತೆ ಮೊದಲಾಯಿತು. ಮತ್ತೆ ಅವಳು ಸೆರಗು ಕಿತ್ತೆಳೆದಳು, ಮತ್ತೆ ಹುಕ್ಕು ಬಿಚ್ಚಿದಳು.

"ಇದು ನಿಲ್ಲೂದಿಲ್ಲೇನು?" ಎಂದು ಕೇಳಿದಳು ರಾಚವ್ವ.

ನೇತ್ರಾ ಫೋನು ಕಸಿದುಕೊಂಡು ಅಲ್ಲೇ, ಅಜ್ಜಿಯ ಮುಂದೆಯೇ, ಆ ವಿಡಿಯೋವನ್ನು ಅಳಿಸಿದಳು. "ಹೋಯ್ತು ಅಜ್ಜಿ. ಪೂರಾ ಹೋಯ್ತು. ನೋಡು." ರಾಚವ್ವ ನೋಡಲಿಲ್ಲ. "ಕತ್ತರಿಸ್ತೇನಿ ಅಂದಿದ್ದಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹಿಟ್ಟಿನ ಪರಾತ ತೊಳೆಯಲು ಎದ್ದಳು.

ಸಂಜೆಯ ಹೊತ್ತಿಗೆ ನೇತ್ರಾಳಿಗೆ ತಿಳಿಯಿತು, ಅದು ಹೋಗಿರಲಿಲ್ಲ. ನಮಿತಾ ತನ್ನ ಸ್ವಂತ ಪೇಜಿನಲ್ಲಿ ಅದನ್ನೇ ಮತ್ತೆ ಹಾಕಿದ್ದಳು.

ಮರುದಿನ ಕಾಲೇಜು ಬಿಟ್ಟು ಪವಾಯಿಗೆ ಹೋದಳು. ಲಿಫ್ಟಿನಲ್ಲಿ ಏರುವಾಗ ಏನೇನು ಆಡಬೇಕೆಂದು ಹಲ್ಲು ಕಚ್ಚಿ ಜೋಡಿಸಿಕೊಂಡಳು. ನಮಿತಾಳ ಕೋಣೆಯಲ್ಲಿ ಎಸಿ ಸದ್ದಿಲ್ಲದೆ ಓಡುತ್ತಿತ್ತು, ಕಿಟಕಿಯಾಚೆ ಕೆರೆ ತಣ್ಣಗೆ ಬಿದ್ದುಕೊಂಡಿತ್ತು. ಗೋಡೆಯ ದೊಡ್ಡ ಟಿವಿಯ ಮೇಲೆ, ಬಾಗಿಲಷ್ಟು ದೊಡ್ಡದಾಗಿ, ರಾಚವ್ವ. ಸೆರಗು ಕೈಯಲ್ಲಿ, ಬಾಯಿ ತೆರೆದು, ಹಾಗೇ ನಿಂತುಹೋಗಿದ್ದಳು. ನಮಿತಾ ಕಾಲರಿಗೆ ಸಣ್ಣ ಮೈಕು ಸಿಕ್ಕಿಸಿಕೊಂಡು ಅದರ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದಳು. ತರುಣ ಹೋರಾಟಗಾರರ ಯಾವುದೋ ದೊಡ್ಡ ಸಮಾವೇಶ, ದಿಲ್ಲಿಯಲ್ಲಿ. ವಿಡಿಯೋ ನೋಡಿ ಅವಳನ್ನು ಕರೆದಿದ್ದರು.

"ಬಂದೆಯಾ! ಒಳ್ಳೇದಾಯ್ತು. ಇದು ಕೇಳು, ಸರಿ ಉಂಟಾ ಹೇಳು."

"ಅದನ್ನ ತೆಗಿ," ಎಂದಳು ನೇತ್ರಾ. ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. "ನಮ್ಮ ದೊಡ್ಡಜ್ಜ ಮನೀಗೆ ಬರೋದು ಬಿಟ್ಟಾರ. ಅಜ್ಜಿ ನಿನ್ನೆಯಿಂದ ರೊಟ್ಟಿ ಮಾಡಿಲ್ಲ."

ನಮಿತಾಳ ಮುಖ ನಿಜವಾಗಿಯೂ ಬಾಡಿತು. ಹತ್ತಿರ ಬಂದು ಕೈ ಹಿಡಿದಳು. "ಸಾರಿ ಮಾರಾಯ್ತಿ. ನನ್ನ ಅಜ್ಜಿಯೂ ಹಾಗೇ ಇದ್ದದ್ದು, ನನಗೆ ಗೊತ್ತುಂಟು. ಆದರೆ ಈಗ ತೆಗೆದರೆ ಎಂತ ಪ್ರಯೋಜನ? ಎಲ್ಲ ಕಡೆ ಹೋಗಿ ಆಗಿದೆ. ಪ್ಲಾಂಟಿನವರು ಬಟ್ಟೆ ಕಟ್ಟಿದ್ದು ಯಾರ ದೆಸೆಯಿಂದ? ನಿನ್ನ ಅಜ್ಜಿ ಈಗ ಬರೇ ನಿನ್ನ ಅಜ್ಜಿ ಅಲ್ಲ ನೇತ್ರಾ."

"ಗೊತ್ತಿತ್ತಾ? ಗೊತ್ತಿದ್ದೂ ಹಾಕಿದ್ಯಾ?"

"ಮತ್ತೆ ನೀನು?" ನಮಿತಾ ಕೈ ಬಿಟ್ಟಳು. "ನಾನು ಹಾಕಿದ್ದು ಶನಿವಾರ. ತೆಗಿ ಅಂತ ಆಗಲೇ ಹೇಳಿದ್ದೇನೆ. ನೀನು ತೆಗೆದದ್ದು ಯಾವಾಗ?"

ಎಸಿಯ ಗಾಳಿ ಹಿಂಗತ್ತಿಗೆ ಬಡಿಯುತ್ತಿತ್ತು. ಇವಳು ಕೈಕೊಟ್ಟಳು, ನಂಬಿಸಿ ಕೈಕೊಟ್ಟಳು ಎಂದು ನೇತ್ರಾ ದಾರಿಯುದ್ದಕ್ಕೂ ಕುದಿಯುತ್ತ ಬಂದಿದ್ದಳು. ಆ ಸಿಟ್ಟು ಸುಳ್ಳೇನೂ ಆಗಿರಲಿಲ್ಲ. ಆದರೆ ಪ್ಲಾಟ್‌ಫಾರ್ಮಿನ ಆ ಬೆಂಚು, ಏರುತ್ತಿದ್ದ ಆ ಅಂಕಿ ಕಣ್ಣ ಮುಂದೆ ಬಂದು ನಿಂತವು. ಟಿವಿಯ ಮೇಲಿನ ಅಜ್ಜಿಯತ್ತ ನೋಡಲಾಗದೆ ಬಾಗಿಲೆಳೆದುಕೊಂಡು ಹೊರಗೆ ಬಂದಳು. ಹಿಂದಿನಿಂದ ನಮಿತಾ, "ಮುಂದಿನ ವಾರ ಫ್ಲೆಮಿಂಗೋ ಹಕ್ಕಿಗಳ ವಿಡಿಯೋ ಮಾಡುವುದುಂಟು, ಬರ್ತೀಯಲ್ಲ?" ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ಕುಹಕವಿರಲಿಲ್ಲ, ಅದೇ ನೇತ್ರಾಳಿಗೆ ಇನ್ನಷ್ಟು ಉರಿಯಿತು.

ಆಂಟಾಪ್ ಹಿಲ್‌ಗೆ ಬಂದು ಬಸ್ಸಿಳಿದಾಗ ಪ್ಲಾಂಟಿನ ಹಸಿರು ಬಟ್ಟೆ ಒಂದು ಮಗ್ಗುಲಿಗೆ ಹರಿದು ಜೋತಾಡುತ್ತಿತ್ತು. ಆದರೂ ಧೂಳು ಇನ್ನೂ ಮೊದಲಿನಷ್ಟಿರಲಿಲ್ಲ. ಜಿನೆ ಹತ್ತುತ್ತಿದ್ದಂತೆ ಮೇಲಿನಿಂದ ಪಟ್ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು ಬಂತು. ನೇತ್ರಾಳಿಗೆ ಕಣ್ಣು ತುಂಬಿ ಬಂತು. ಮತ್ತೆ ಒಲೆ ಹಚ್ಚಿದ್ದಾಳೆ. ಕಾಲಿಗೆ ಬೀಳಬೇಕು, ತಪ್ಪಾಯಿತು ಅನ್ನಬೇಕು, ಮಡಿಲಲ್ಲಿ ತಲೆ ಇಟ್ಟು ಅತ್ತುಬಿಡಬೇಕು ಎಂದು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು.

ಅಡುಗೆಮನೆಯ ಕಿಟಕಿ ತೆರೆದಿತ್ತು. ಗ್ಯಾಲರಿಯಲ್ಲಿ ಧೋತರದ ಮೇಲೆ ನಾಲ್ಕೈದು ರೊಟ್ಟಿ ಹರವಿದ್ದವು. ರಾಚವ್ವ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು, ಸೆರಗು ಹೆಗಲಿನಿಂದ ಜಾರಿ ಮಡಿಲಲ್ಲಿ ಬಿದ್ದಿತ್ತು, ಬಿಳಿ ಕೂದಲು ಗಾಳಿಗೆ ಸಣ್ಣಗೆ ಅಲುಗುತ್ತಿತ್ತು. ನೇತ್ರಾ ಚಪ್ಪಲಿ ಬಿಟ್ಟ ಸದ್ದಿಗೆ ಬಡಿಯುವ ಕೈ ನಿಂತಿತು.

"ಯಾರು?"

"ನಾನು ಅಜ್ಜಿ."

ರಾಚವ್ವ ತಿರುಗಿ ನೋಡಿದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಮಡಿಲಿನ ಸೆರಗನ್ನು ಎತ್ತಿ ತಲೆಯ ಮೇಲೆ ಹಣೆಯ ತನಕ ಎಳೆದುಕೊಂಡಳು. "ಬಾ, ಕುಂದ್ರು. ಬಿಸಿ ಬಿಸಿ ರೊಟ್ಟಿ ಐತಿ, ಉಣ್ಣು," ಎಂದಳು. ಆಮೇಲೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎರಡೂ ಕೈಯಿಂದ ಮತ್ತೆ ಬಡಿಯತೊಡಗಿದಳು.